ಕುಳಿತಲ್ಲೇ ಓಡುವ ಎದೆ

ಮದುವೆಯಲ್ಲಿ ಅಕ್ಕಿಕಾಳು ಬಿದ್ದ ಮೇಲೆ ವಧೂವರರ ಎದೆಬಡಿತವನ್ನು ಒಂದಕ್ಕೊಂದು ಬೆಸೆಯುವ ಶಾಸ್ತ್ರ ಧಾರವಾಡದಲ್ಲಿ ಈಗ ಎಲ್ಲರ ಮನೆಯಲ್ಲೂ ನಡೆಯುತ್ತದೆ. ಹಾಗಾಗಿ ಗಂಡ ಗುರುಸಿದ್ದಪ್ಪ ಬಸ್ಸಿನ ಹಿಂದೆ ಓಡಿದರೆ, ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನೀಲವ್ವನಿಗೆ ಏದುಸಿರು ಬರುತ್ತಿತ್ತು. "ಇವತ್ತೂ ಬಸ್ ತಪ್ಪಿತು ನೋಡ ಇವರದು" ಎಂದು ಅವಳು ತನ್ನಷ್ಟಕ್ಕೇ ನಗುತ್ತಿದ್ದಳು.

ಈಚೆಗೆ ಮಾತ್ರ ನಗು ಬರುತ್ತಿರಲಿಲ್ಲ. ಇಬ್ಬರೂ ಊಟಕ್ಕೆ ಕುಳಿತಿದ್ದಾಗಲೂ ಎದೆ ಡವಗುಟ್ಟುತ್ತಿತ್ತು. ಡಾಕ್ಟರು ಪರೀಕ್ಷೆ ಮಾಡಿ, ಇಬ್ಬರ ಹೃದಯವೂ ಗಟ್ಟಿಯಾಗಿದೆ, ಕಾರಣ ಮಾತ್ರ ತಿಳಿಯುತ್ತಿಲ್ಲ ಎಂದಿದ್ದರು.

ಆ ಭಾನುವಾರ ಮಧ್ಯಾಹ್ನ ಅವಳು ಮೆಂತ್ಯಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದಳು. ಅವನು ಎದುರಿನ ಜೋಕಾಲಿಯಲ್ಲಿ ಕಾಲು ಚಾಚಿ ಪೇಪರು ಓದುತ್ತಿದ್ದ. ಎದೆ ಮತ್ತೆ ಓಟ ಕಿತ್ತಿತು. ನೀಲವ್ವ ಎದ್ದುಹೋಗಿ ಅವನ ಎದೆಯ ಮೇಲೆ ಅಂಗೈ ಇಟ್ಟಳು. ಅಲ್ಲೂ ಅದೇ ಓಟ.

"ರೀ, ನೀವೂ ಕುಂತೀರಿ, ನಾನೂ ಕುಂತೀನಿ. ಮತ್ತ ಯಾರ ಓಡಾಕತ್ತಾರ?"

"ಪಲ್ಯಾದಾಗ ಖಾರ ಜಾಸ್ತಿ ಆಗಿತ್ತು, ಅದಕ್ಕ ಇರಬೇಕು ಬಿಡ" ಎಂದ ಗುರುಸಿದ್ದಪ್ಪ, ಮುಖದ ಮುಂದಿನ ಪೇಪರು ಇಳಿಸದೆ.

"ಮದುವ್ಯಾಗ ಬೆಸೆದದ್ದು ಎರಡ ಎದಿ ರೀ. ಈ ಮೂರನೇದ್ದು ಯಾರದು?"

ಅವನು ಪೇಪರಿನ ಹಾಳೆ ಮಗುಚಿದ. ಯಾರೋ ಅವಸರದಲ್ಲಿ ಮಹಡಿ ಹತ್ತುತ್ತಿರುವಂತೆ ಬಡಿತ ಇನ್ನೂ ಏರಿತು. ಅಷ್ಟರಲ್ಲಿ ಹೊರಗಿನ ಮೆಟ್ಟಿಲ ಮೇಲೆ ಕಾಲ ಸಪ್ಪಳ ಕೇಳಿಸಿತು. ಅದು ಅವರ ಬಾಗಿಲ ಮುಂದೆ ಬಂದು ನಿಂತಿತು.

ನೀಲವ್ವನ ಅಂಗೈ ಕೆಳಗೆ ಗಂಡನ ಎದೆಬಡಿತ, ದಣಿದು ಬಂದವರು ನಿಂತು ಸುಧಾರಿಸಿಕೊಳ್ಳುವಂತೆ, ಮೆಲ್ಲಗೆ ಇಳಿಯತೊಡಗಿತು.