ಹಿಂದಿನ ಕಾರಿನ ದನಿ

ಗೆಳೆಯರೆಲ್ಲ ಮತ್ತೆ ಕಾರುಗಳಲ್ಲಿ ಪ್ರವಾಸ ಹೊರಟಿದ್ದರು. ವಾಕಿಟಾಕಿ ಆರಿಸಲು ಅವಳು ಗಂಡನೊಂದಿಗೆ ಅಂಗಡಿಗೆ ಬಂದಳು. ಹೋದ ವರ್ಷ ಘಾಟಿಯಲ್ಲಿ, ಹಿಂದಿನ ಕಾರಿನಲ್ಲಿ ಒಬ್ಬನೇ ಬರುತ್ತಿದ್ದ ಅವಳ ತಮ್ಮ ಎದೆನೋವಿನಿಂದ ಸತ್ತಿದ್ದ. ವಾಕಿಟಾಕಿ ಅವನ ಬಾಯಿಯ ಹತ್ತಿರವೇ ಇತ್ತು. ಮುಂದಿನ ಕಾರಿನಲ್ಲಿದ್ದ ಇವರಿಗೆ ಏನೂ ಕೇಳಿಸಿರಲಿಲ್ಲ.

ಅವತ್ತು ಮುಂದಿನ ಕಾರಿನಲ್ಲಿದ್ದ ಹಳೆಯ ವಾಕಿಟಾಕಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಹಾಳಾದ್ದು, ಅವತ್ತೇ ಕೈಕೊಡ್ತು. ಗಟ್ಟಿಯಾಗಿ ಕೇಳಿಸೋದು ಕೊಡಿ."

ಅಂಗಡಿಯವನು ಬ್ಯಾಟರಿ ಹಾಕಿ ನೋಡಿದ. "ಇದು ಚೆನ್ನಾಗೇ ಇದೆ ಮೇಡಂ. ಯಾರೋ ಸೌಂಡ್ ಪೂರ್ತಿ ಕಮ್ಮಿ ಮಾಡಿದಾರೆ, ಅಷ್ಟೆ."

ಅವಳು ಗಂಡನತ್ತ ತಿರುಗಿದಳು. "ನೀವೇನಾದ್ರೂ ಮುಟ್ಟಿದ್ರಾ?"

"ಹೂಂ, ನಾನೇ," ಎಂದ ಗಂಡ, ಅವಳ ಮುಖ ನೋಡದೆ.

ಅವತ್ತು ಘಾಟಿಯುದ್ದಕ್ಕೂ ಅವನು ಸ್ಟಿಯರಿಂಗಿನಿಂದ ಕೈ ತೆಗೆದಿರಲಿಲ್ಲ. ತನ್ನ ತೊಡೆಯ ಮೇಲೆ ಮಲಗಿದ್ದ ಮಗು ಏಳದಿರಲೆಂದು ತಾನೇ ಸೌಂಡ್ ಕಮ್ಮಿ ಮಾಡಿದ್ದು ಅವಳಿಗೆ ಆಗ ನೆನಪಾಯಿತು.