ದಾನ ಕೊಟ್ಟ ಧ್ವನಿ

ಎಲ್ಲರ ಹಾಗೆ ಸರ್ವಮಂಗಳಳ ಗಂಡನೂ ಸಾಯುವಾಗ ಕಣ್ಣಿನ ಜೊತೆಗೆ ಧ್ವನಿಯನ್ನು ದಾನ ಮಾಡಿದ್ದ. ಅಂಥ ಧ್ವನಿ ಹಾಕಿಸಿಕೊಂಡವರ ಹತ್ತಿರ ಕೂರಲು ವಾಕ್ ಶ್ರವಣ ವಿಜ್ಞಾನ ಓದಿರಬೇಕಿತ್ತು. ಬಿ.ಕಾಂ. ಆಗಿ ಎಷ್ಟೋ ಕಾಲವಾಗಿದ್ದ ಅವಳು ಅದನ್ನೇ ಎರಡನೆಯ ಪದವಿಯಾಗಿ ಹಿಡಿದಳು.

ಓದಿನ ಕೊನೆಯ ವರ್ಷ ಗಂಡನ ಧ್ವನಿ ಅವಳೆದುರು ಬಂದು ಕುಳಿತಿತು, ಕಾಯಿಲೆಯಲ್ಲಿ ಮಾತು ಕಳೆದುಕೊಂಡಿದ್ದ ಕಂಡಕ್ಟರ್ ಚೆಲುವರಾಜುವಿನ ಗಂಟಲಿನಲ್ಲಿ. ಆ ಧ್ವನಿಯನ್ನು ಅವನ ಮಾತಿಗೆ ಪಳಗಿಸುವುದು ಅವಳ ಕೆಲಸ.

"ಬಲು ಮೆತ್ತಗದೆ ಮೇಡಂ ಈ ಧ್ವನಿ. ಮುಂದಕ್ಕೋಗಿ ಅಂದ್ರೆ ಬಸ್ಸಲ್ಲಿ ಒಬ್ರೂ ಅಲ್ಲಾಡಾಕಿಲ್ಲ."

"ಹೌದು, ಮೆತ್ತಗೇ," ಎಂದಳು.

ಸಂಸಾರ ಮಾಡಿದಷ್ಟು ದಿನವೂ ಆ ಧ್ವನಿ ಅವಳನ್ನು 'ಇವಳೇ' ಎಂದೇ ಕರೆದಿತ್ತು. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ಆ ಮನೆಯಲ್ಲಿರಲಿಲ್ಲ. ಒಂದೇ ಒಂದು ಸಲ ತನ್ನ ಹೆಸರನ್ನು ಅದರಲ್ಲಿ ಕೇಳಬೇಕು, ಅಷ್ಟೇ ಅವಳ ಆಸೆ.

"ಇವತ್ತು ಹೆಸರುಗಳ ಪಾಠ. ನನ್ನ ಹೆಸರು ಸರ್ವಮಂಗಳ. ಎಲ್ಲಿ, ಹೇಳಿ ನೋಡೋಣ."

ಚೆಲುವರಾಜು ನಾಲಿಗೆ ಕಚ್ಚಿಕೊಂಡ. "ಬ್ಯಾಡಿ ಮೇಡಂ. ಕಲಿಸೋರ ಹೆಸರು ಹಿಡಿದು ಕರೆಯಾದುಂಟಾ? ಬೇರೆ ಯಾರದಾದ್ರೂ ಕೊಡಿ."

ಅವಳು ಪಾಠದ ಹಾಳೆಯನ್ನು ಮಗುಚಿಟ್ಟಳು.

"ಹಾಗಾದ್ರೆ ನಿಮ್ಮ ಹೆಂಡತಿ ಹೆಸರು ಹೇಳಿ."

ಅವನು ನಾಚಿ, ತಡವರಿಸಿ, "ಚಿಕ್ಕತಾಯಮ್ಮ" ಎಂದ.

ಸರ್ವಮಂಗಳ ಕಣ್ಣು ಮುಚ್ಚಿ ಕೇಳಿಸಿಕೊಂಡಳು.

"ಇನ್ನೊಂದು ಸಲ ಹೇಳಿ," ಎಂದಳು. "ಸಂಜೆ ಮನೆಗೆ ಹೋಗಿ ಅವರೆದುರಿಗೂ ಹೇಳಬೇಕು."