ತಗ್ಗಿನ ಬೀದಿಯ ನಕ್ಷೆ

ಮಗಳ ಚೀಲದೊಳಗೆ ಕೈ ಹಾಕಿದ್ದಾಗಲೇ ಸಿಕ್ಕಿಬಿದ್ದ.

“ಏನ್ರೀ ಇದು? ಹೆತ್ತ ಮಗಳ ಚೀಲಕ್ಕೇ ಕನ್ನ ಹಾಕ್ತಿದ್ದೀರಲ್ಲ!” ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

ನಿವೃತ್ತ ನಕ್ಷೆಗಾರ ಸುರುಳಿ ಸುತ್ತಿದ ಹಳೆಯ ನಕ್ಷೆಯನ್ನು ಒಳಕ್ಕೆ ತುರುಕಿದ. “ಕನ್ನಡಕ ಹುಡುಕ್ತಿದ್ದೆ.”

“ಮೂಗಿನ ಮೇಲಿದೆ.”

ಹತ್ತು ಗಂಟೆಗೆ ಬಡಾವಣೆಯ ಸಭೆ. ಎರಡು ಮಳೆಗಾಲದಿಂದ ತಗ್ಗಿನ ಬೀದಿಯ ನಲವತ್ತು ಮನೆಗಳಿಗೆ ನೀರು ನುಗ್ಗುತ್ತಿತ್ತು. ಅದನ್ನು ತಡೆಯುವ ಯೋಜನೆ ಮಗಳದು. ಎಂಜಿನಿಯರಾಗಿ ಅವಳ ಮೊದಲ ಕೆಲಸ. ಮೇಲಿನ ಮೂರು ಬೀದಿಗಳ ಮಳೆನೀರನ್ನು ಹೊಸ ಕೊಳವೆಯಲ್ಲಿ ತಂದು, ತಗ್ಗಿನ ಬೀದಿಯ ಡಾಂಬರಿನಡಿ ಹಳೆಯ ನಕ್ಷೆ ತೋರಿಸುವ ದೊಡ್ಡ ಚರಂಡಿಗೆ ಸೇರಿಸುವುದು. ಆ ಚರಂಡಿಯ ಹೂಳು ತೆಗೆದರೆ ನೀರು ನೇರ ಹೊಳೆಗೆ. ಕೊಳವೆಗಾಗಿ ನಕ್ಷೆಗಾರನ ಕಾಂಪೌಂಡು ಗೋಡೆ ಒಡೆಯಬೇಕಿತ್ತು.

ಅದು ಗೊತ್ತಾದಂದಿನಿಂದ ಮನುಷ್ಯನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಚರಂಡಿ ಬೇಡ, ಆಟದ ಮೈದಾನ ತಗ್ಗು ಮಾಡಿ ಅಲ್ಲಿ ನೀರು ನಿಲ್ಲಿಸಿ ಎಂದ. ಒಂದು ವರ್ಷ ತಡೆಯಿರಿ ಎಂದ. ಯಾಕೆಂದು ಮಗಳು ಕೇಳಿದರೆ ಪೇಪರು ಬಿಡಿಸಿ ಮುಖ ಮುಚ್ಚಿಕೊಂಡ.

“ಒಂದು ಗೋಡೆಗೆ ಇಷ್ಟು ಹೊಟ್ಟೆ ಉರ್ಕೋತೀರಾ? ಮಗಳಿಗೆ ಒಳ್ಳೆ ಹೆಸರು ಬರೋದು ಬೇಡ್ವಾ?” ಎಂದಳು ಹೆಂಡತಿ. ಅವನು ಚಪ್ಪಲಿ ಮೆಟ್ಟಿ ಹೊರಟ.

ಸಭೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಗಳು ನಕ್ಷೆಯನ್ನು ಹಲಗೆಗೆ ಅಂಟಿಸಿದಳು.

“ಇದು ನಮ್ಮಪ್ಪ ಬರೆದ ನಕ್ಷೆ. ಚುಕ್ಕೆ ಗೆರೆ ಅಂದ್ರೆ ಮುಂದೆ ತೋಡಬೇಕಾದ ಚರಂಡಿ. ಗಟ್ಟಿ ಗೆರೆ ಅಂದ್ರೆ ತೋಡಿ ಮುಗಿಸಿರೋದು. ಅಪ್ಪನ ಗೆರೆ ಕೂದಲೆಳೆಯಷ್ಟೂ ತಪ್ಪಲ್ಲ.” ಮೂಲೆಯ ತಾರೀಖಿನ ಮೇಲೆ ಬೆರಳಿಟ್ಟು ನಕ್ಕಳು. “ನೋಡಿ, ನಾನು ಹುಟ್ಟಿದ ದಿನ! ಈ ಕೆಲಸಕ್ಕೂ ನನಗೂ ಏನೋ ಋಣಾನುಬಂಧ.”

ಎಲ್ಲರೂ ಚಪ್ಪಾಳೆ ತಟ್ಟಿದರು. ನಕ್ಷೆಗಾರ ಬೆವರು ಒರೆಸಿಕೊಂಡ.

ತಗ್ಗಿನ ಬೀದಿಯ ದರ್ಜಿ ಎದ್ದು ನಿಂತ. “ಎರಡು ವರ್ಷದಿಂದ ಹೊಲಿಗೆ ಮೆಷಿನ್ನು ಮಂಚದ ಮೇಲಿದೆ, ನಾವು ನೆಲದ ಮೇಲಿದ್ದೀವಿ. ನಿನ್ನ ಮಾತು ನಂಬಿ ಈ ಸಲ ಕೆಳಗಿಳಿಸ್ತೀನಮ್ಮ.”

“ಒಪ್ಪದವರು ಕೈ ಎತ್ತಿ,” ಎಂದರು ಅಧ್ಯಕ್ಷರು.

ಒಂದೇ ಒಂದು ಕೈ ಮೇಲೆದ್ದಿತು.

“ನಲವತ್ತು ಮನೆಗಿಂತ ನಿಮ್ಮ ಗೋಡೆ ದೊಡ್ಡದಾಯ್ತಾ ಯಜಮಾನ್ರೇ?” ದರ್ಜಿ ಕೂಗಿದ. ಜನ ಗೊಳ್ಳೆಂದು ನಕ್ಕರು. ಹೆಂಡತಿ ತಲೆ ತಗ್ಗಿಸಿದಳು. ಮಗಳ ಮುಖ ಸಣ್ಣದಾಯಿತು.

“ಯಾಕಪ್ಪಾ? ಎಲ್ಲರ ಮುಂದೆ ಯಾಕೆ ಹೀಗೆ ಮಾಡ್ತೀಯ?”

ನಕ್ಷೆಗಾರ ಹಲಗೆಯವರೆಗೆ ನಡೆದ. ತಗ್ಗಿನ ಬೀದಿಯುದ್ದಕ್ಕೂ ಎಳೆದಿದ್ದ ಗಟ್ಟಿ ಗೆರೆಯನ್ನು ಅಂಗೈಯಿಂದ ಮುಚ್ಚಿದ.

“ಅಲ್ಲಿ ಚರಂಡಿನೇ ಇಲ್ಲ ಪುಟ್ಟಿ. ಚುಕ್ಕೆ ಇಡೋಕೆ ಕೂತಿದ್ದೆ, ನೀನು ಹುಟ್ಟಿದೆ ಅಂತ ಆಸ್ಪತ್ರೆಯಿಂದ ಫೋನ್ ಬಂತು. ಒಂದೇ ಗೆರೆ ಎಳೆದು ಓಡಿಬಂದುಬಿಟ್ಟೆ.”